ಮೊರದಲ್ಲಿ ಓಡಿದ ಕರಿಬೀಜ

ಏಳು ತಿಂಗಳಿಗೆ ಹುಟ್ಟಿದ ಕೂಸು ಉಳಿಯುತ್ತದೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯುವುದಿಲ್ಲ ಎಂದು ನಮ್ಮ ಕಡೆ ಒಂದು ನಂಬಿಕೆ ಇದೆ. ನನ್ನ ತಂಗಿ ಸುಮ ಏಳಕ್ಕೇ ಹುಟ್ಟಿದಳು. ನೋಡಲು ಬಂದವರೆಲ್ಲ ಅವ್ವನಿಗೆ ಈ ಮಾತು ಹೇಳಿಯೇ ಧೈರ್ಯ ತುಂಬಿದರು. ಸುಮ ಉಳಿದಳು. ಉಳಿದ ಮೇಲೆ ಏನು ಎಂಬುದನ್ನು ಮಾತ್ರ ಆ ಮಾತು ಹೇಳುವುದಿಲ್ಲ. ಉಳಿಯಿತಲ್ಲ, ಇನ್ನೇನು ಎಂದು ನಾವು ಅಂದುಕೊಂಡೆವು. ನಾನು ಎಲ್ಲರಿಗಿಂತ ಹೆಚ್ಚಾಗಿ ಹಾಗೆ ಅಂದುಕೊಂಡೆ. ಅದಕ್ಕೆ ಅವಳು ಒಂದು ಕಣ್ಣು ಕೊಟ್ಟಳು.

ನಾನು ಓದಿದ್ದು ಐದನೇ ಕ್ಲಾಸು. ಬರೆದು ರೂಢಿಯಿಲ್ಲ. ಆದರೆ ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ಕೂತಾಗ ಪ್ರತಿ ಸಲವೂ ಯಾರಾದರೂ ತಾಯಿ ಸಣ್ಣ ಕೂಸನ್ನು ಎದೆಗೆ ಕಟ್ಟಿಕೊಂಡು ಬಂದಿರುತ್ತಾಳೆ. 'ತಿಂಗಳು ತುಂಬದೇ ಹುಟ್ಟಿತ್ತು, ಈಗ ತೂಕ ಬಂದಿದೆ, ಇನ್ನು ಭಯವಿಲ್ಲ' ಎಂದು ಪಕ್ಕದವರಿಗೆ ಹೇಳುತ್ತಿರುತ್ತಾಳೆ. ಅವಳಿಗೆ ಏನೋ ಹೇಳಬೇಕೆಂದು ನಾನು ಬಾಯಿ ತೆರೆಯುತ್ತೇನೆ. ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕೂಗುತ್ತಾರೆ. ಆ ಬೆಂಚಿನಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರು ಆಲೂರು ತಾಲೂಕಿನ ಪಾಳ್ಯದ ಕಡೆ. ಗದ್ದೆ, ಸ್ವಲ್ಪ ರಾಗಿ ಹೊಲ, ಏರಿಯ ಮೇಲೆ ತುಂಡು ಕಾಫಿ ತೋಟ. ತೊಂಬತ್ತೆರಡರ ಕಾಫಿ ಕುಯ್ಲಿನಲ್ಲಿ ಅವ್ವ ಬುಟ್ಟಿ ಕಟ್ಟಿಕೊಂಡು ಹಣ್ಣು ಬಿಡಿಸುತ್ತಿದ್ದವಳು ಗಿಡದ ಬುಡದಲ್ಲೇ ಕೂತುಬಿಟ್ಟಳು. ಪಕ್ಕದ ಎಸ್ಟೇಟಿನ ಜೀಪಿನಲ್ಲಿ ಸಕಲೇಶಪುರಕ್ಕೆ ಕರೆದೊಯ್ದರು. ಹೆರಿಗೆ ಅಲ್ಲೇ ಆಯಿತು. ಕೂಸಿಗೆ ಸರಿಯಾಗಿ ಉಸಿರಾಡಲು ಆಗುತ್ತಿಲ್ಲ, ಕೆಳಗೆ ಮಂಗಳೂರಿಗೆ ಒಯ್ಯಿರಿ ಎಂದು ಅಲ್ಲಿಂದ ಕಳಿಸಿದರು. ಅವ್ವ ಮತ್ತು ಕೂಸು ಊರಿಗೆ ವಾಪಸು ಬರುವಷ್ಟರಲ್ಲಿ ಕಾಫಿ ಹೂ ಬಂದು ಉದುರಿಯೂ ಆಗಿತ್ತು.

ನಾನು ಮೊದಲು ನೋಡಿದ್ದು ಅವಳ ಪಾದವನ್ನು. ನನ್ನ ಹೆಬ್ಬೆರಳಿಗಿಂತ ಒಂಚೂರು ದೊಡ್ಡದು. ಅಳುವ ಸದ್ದು ಬೆಕ್ಕಿನ ಮರಿಯದು. ಆಸ್ಪತ್ರೆಯವರು ಮೈ ಬೆಚ್ಚಗಿಡಿ ಎಂದು ಹೇಳಿ ಕಳಿಸಿದ್ದರು. ಅವ್ವನಿಗೆ ಎದ್ದು ಓಡಾಡುವ ಶಕ್ತಿ ಇರಲಿಲ್ಲ. ಹಾಗಾಗಿ ನನ್ನ ಸ್ವೆಟರಿನೊಳಗೆ ಕೂಸನ್ನು ಇಟ್ಟು, ಮೇಲೆ ಅಪ್ಪನ ಪಂಚೆ ಸುತ್ತಿ, ನನ್ನನ್ನು ಒಲೆ ಮುಂದೆ ಕೂರಿಸುತ್ತಿದ್ದರು. ನನಗೆ ಹತ್ತು ವರ್ಷ. ಹೊರಗೆ ನನ್ನ ಜೊತೆಯ ಹುಡುಗಿಯರು ಚೀಲ ಹಾಕಿಕೊಂಡು ಸ್ಕೂಲಿಗೆ ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು.

"ಒಂದು ವರ್ಷ ಬುಡು ಮಗಾ, ಕೂಸು ಗಟ್ಟಿಯಾಗ್ಲಿ. ಆಮ್ಯಾಕೆ ಹೋಗೀಯಂತೆ" ಎಂದರು ಅಪ್ಪ.

ಆ 'ಆಮ್ಯಾಕೆ' ಬರಲಿಲ್ಲ. ಇದನ್ನು ಹೇಳುವುದು ಅಪ್ಪನನ್ನು ದೂರಲಿಕ್ಕಲ್ಲ. ತಂಗಿಯನ್ನು ಎದೆಗವಚಿಕೊಂಡೇ ಬೆಳೆಸಿದವಳು ನಾನು. ಅವಳ ಮೇಲೆ ಒಳಗೊಳಗೇ ಒಂದು ಸಿಟ್ಟು ಇಟ್ಟುಕೊಂಡವಳೂ ನಾನೇ. ಎರಡೂ ನಿಜ.

ಸುಮ ಎರಡು ವರ್ಷ ದಾಟಿದ ಮೇಲೆ ನಡೆದಳು. ಚಳಿ ಶುರುವಾದರೆ ಎದೆ ಸುಯ್‌ಗುಟ್ಟುತ್ತಿತ್ತು. ಜೊತೆಯ ಮಕ್ಕಳಿಗಿಂತ ಒಂದು ಗೇಣು ಗಿಡ್ಡ. ಬಾಗಿಲಿಗೆ ಬಂದವರನ್ನು ಹತ್ತಿರ ಬರುವ ತನಕ ಗುರುತಿಸುತ್ತಿರಲಿಲ್ಲ. ಮಂಗಳೂರಿಗೆ ಕರೆದುಕೊಂಡು ಹೋದಾಗ ದಪ್ಪ ಕನ್ನಡಕ ಕೊಟ್ಟರು. ಸ್ಕೂಲಿನಲ್ಲಿ ಅವಳಿಗೆ ಸೋಡಾಬುಡ್ಡಿ ಎಂದು ಹೆಸರಾಯಿತು. ಅವಳು ಅಳಲಿಲ್ಲ. "ಸೋಡಾಬುಡ್ಡಿ ಒಳಗೆ ಗೋಲಿ ಇರ್ತದೆ, ನಿಮ್ಮ ತಲೆ ಒಳಗೆ ಅದೂ ಇಲ್ಲ" ಎಂದು ಹೇಳಿ ಬಂದಳಂತೆ.

ಕಣ್ಣಿನ ಡಾಕ್ಟರು ಒಬ್ಬ ಹೆಂಗಸು, ಮೆಲ್ಲಗೆ ಮಾತಾಡುವವರು. ಹೊಟ್ಟೆಯೊಳಗೆ ಮುಗಿಯಬೇಕಾಗಿದ್ದ ಕಣ್ಣಿನ ಕೆಲಸ ಇವಳಿಗೆ ಹೊರಗೆ ಬಂದ ಮೇಲೆ ಮುಗಿದಿದೆ, ಅದಕ್ಕೇ ಒಳಗಿನ ಪರದೆ ಬಲವಾಗಿಲ್ಲ ಎಂದು ಅವರು ಹೇಳಿದರು. ಅವ್ವ ಘಾಟಿಯ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಬೆಂಚಿನಲ್ಲಿ ಮಲಗಿದ್ದಳು. ಅಪ್ಪ ಔಷಧಿ ತರಲು ಹೋಗಿದ್ದರು. ಡಾಕ್ಟರು ನನ್ನ ಮುಖ ನೋಡಿಯೇ ಹೇಳಿದರು:

"ನೀನು ಅಕ್ಕ ಅಲ್ವಾ? ಚೆನ್ನಾಗಿ ಕೇಳಿಸ್ಕೋ. ವರ್ಷಕ್ಕೊಂದು ಸಲ ಕರ್ಕೊಂಡು ಬನ್ನಿ, ಏನೂ ತೊಂದರೆ ಇಲ್ಲದಿದ್ರೂ ಬನ್ನಿ. ಕಣ್ಣಲ್ಲಿ ಮಿಂಚು ಹೊಡೀತದೆ, ಕಪ್ಪು ಚುಕ್ಕೆ ಓಡಾಡ್ತದೆ ಅಂತ ಇವಳು ಯಾವತ್ತಾದ್ರೂ ಹೇಳಿದ್ರೆ ಅವತ್ತೇ ಹೊರಡಬೇಕು. ನಾಳೆ ಅನ್ನೋ ಹಾಗಿಲ್ಲ."

ನಾನು ತಲೆಯಾಡಿಸಿದೆ. ಮನೆಯಲ್ಲಿ ಈ ಮಾತನ್ನು ಡಾಕ್ಟರ ಬಾಯಿಂದ ಕೇಳಿದ್ದವಳು ನಾನೊಬ್ಬಳೇ. ಕೆಲವು ವರ್ಷ ತಪ್ಪದೆ ಹೋದೆವು. ಆಮೇಲೆ ಒಂದು ವರ್ಷ ನಾಟಿ ಕೆಲಸ ಅಡ್ಡ ಬಂತು, ಇನ್ನೊಂದು ವರ್ಷ ಅವಳ ಎದೆಯ ಕಾಯಿಲೆಯೇ ಜೋರಾಗಿ ಕಣ್ಣು ಮರೆತುಹೋಯಿತು.

ನನ್ನ ಮದುವೆ ಬಾಳ್ಳುಪೇಟೆಯ ಮಂಜುನಾಥ ಎಂಬವರ ಜೊತೆ ಗೊತ್ತಾದಾಗ ನನಗೆ ಇಪ್ಪತ್ತು, ಸುಮನಿಗೆ ಹತ್ತು. ಅವರದು ಹೆದ್ದಾರಿ ಬದಿಯಲ್ಲಿ ಟೈರಿನ ಪಂಚರ್ ಅಂಗಡಿ. ಅದಕ್ಕೂ ಹಿಂದಿನ ವರ್ಷ ಒಂದು ಸಂಬಂಧ ಬಂದಿತ್ತು. ಹುಡುಗನ ಕಡೆಯವರು ಬರಬೇಕಾದ ದಿನವೇ ಸುಮನಿಗೆ ಉಸಿರು ಕಟ್ಟಿ ಎಲ್ಲರೂ ಹಾಸನದ ಆಸ್ಪತ್ರೆಗೆ ಓಡಿದೆವು. ಅವರು ಮತ್ತೆ ಬರಲೇ ಇಲ್ಲ. ಆ ಮನೆಯಲ್ಲಿ ಯಾವಾಗಲೂ ಆಸ್ಪತ್ರೆ ತಿರುಗಾಟವಂತೆ ಎಂದು ಯಾರೋ ಅವರಿಗೆ ಹೇಳಿದ್ದರಂತೆ. ಈ ಸಲ ಹಾಗಾಗಬಾರದು ಎಂದು ನಾನು ಗಟ್ಟಿಯಾಗಿ ನಿಶ್ಚಯಿಸಿದ್ದೆ.

ನಮ್ಮ ಮನೆಯಲ್ಲಿ ಹೆಣ್ಣಿನ ಮದುವೆಗೆ ಬರುವ ನೆಂಟರಿಗೆ ಸ್ವಂತ ತೋಟದ ಕಾಫಿಯನ್ನೇ ಕೊಡಬೇಕು. ಅಂಗಡಿ ಪುಡಿ ತಂದರೆ ಮರ್ಯಾದೆಯಿಲ್ಲ. ಒಣಗಿದ ಕಾಫಿಯನ್ನು ಮಿಲ್ಲಿಗೆ ಹಾಕಿ ಸಿಪ್ಪೆ ತೆಗೆಸಿ ತಂದರೆ, ಮೊರಕ್ಕೆ ಸುರಿದು ಕರಿಬೀಜ ಆರಿಸುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಕರಿಬೀಜ ಎಂದರೆ ಕೆಟ್ಟ ಬೀಜ. ನಾಲ್ಕು ಉಳಿದುಕೊಂಡರೂ ಹಂಡೆಗೆ ಹಂಡೆ ಕಾಫಿ ನಾರುತ್ತದೆ ಎನ್ನುತ್ತಿದ್ದಳು ಅವ್ವ. ಮದುವೆಗೆ ಮುಂಚಿನ ವಾರಗಳಲ್ಲಿ ನಾನು, ಸುಮ ಕಣದ ಬಿಸಿಲಿನಲ್ಲಿ ಎದುರುಬದುರು ಕೂತು ಆರಿಸುತ್ತಿದ್ದೆವು. ಸುಮನ ಮೂಗು ಮೊರಕ್ಕೆ ತಾಗುವಂತಿರುತ್ತಿತ್ತು.

"ಅಕ್ಕಾ, ಕರಿಬೀಜ ಓಡ್ತಾವೆ ಕಣೆ" ಎಂದಳು ಒಂದು ಮಧ್ಯಾಹ್ನ.

"ಬೀಜಕ್ಕೆ ಕಾಲು ಬಂದಾವಾ? ಸುಮ್ನೆ ಆರಿಸು."

"ದೇವ್ರಾಣೆ. ಹಿಡಿಯಾಕೆ ಹೋದ್ರೆ ಆ ಕಡೀಕೆ ಹೋಗ್ಬುಡ್ತವೆ."

"ನಿನ್ ಸೋಮಾರಿತನ ಕಂಡು ಓಡ್ತಾವೆ ಬುಡು."

ಅವಳೂ ನಕ್ಕಳು. ಸಂಜೆ ನೋಡಿದರೆ ಅವಳು ಕೆಟ್ಟದ್ದೆಂದು ಬಟ್ಟಲಿಗೆ ಹಾಕಿದ್ದರಲ್ಲಿ ಅರ್ಧಕ್ಕರ್ಧ ಒಳ್ಳೆಯ ಬೀಜ. ಮೊರದಲ್ಲಿ ಕರಿಬೀಜ ಹಾಗೆಯೇ ಇತ್ತು. ನನಗೆ ಎಲ್ಲಿತ್ತೋ ಸಿಟ್ಟು. ಕೆಲಸ ತಪ್ಪಿಸಿಕೊಳ್ಳಲು ನಾಟಕ ಆಡುತ್ತೀಯಾ ಎಂದು ಅವಳ ಕೈ ಮೇಲೆ ಹೊಡೆದೆ. ಅವಳು ಕೈ ಹಿಂದಕ್ಕೆಳೆದುಕೊಂಡು ಆ ಬಟ್ಟಲನ್ನೇ ನೋಡುತ್ತ ಕೂತಳು.

ಅವತ್ತು ನನಗೆ ತಿಳಿಯಲಿಲ್ಲ ಎಂದು ಬರೆದರೆ ಓದುವವರು ನಂಬಬಹುದು. ಅವತ್ತಿನ ಮಟ್ಟಿಗೆ ಅದು ನಿಜವೂ ಹೌದು. ನಾಲ್ಕೈದು ದಿನ ಬಿಟ್ಟು ದೀಪ ಹಚ್ಚುವ ಹೊತ್ತಿನಲ್ಲಿ ಅವಳು ನನ್ನ ಸೆರಗು ಹಿಡಿದು ಹೇಳಿದಳು:

"ಅಕ್ಕಾ, ಈ ಎಡಗಣ್ಣಿನ ಮೂಲೇಲಿ ಮಿಂಚು ಹೊಡ್ದಂಗೆ ಆಗ್ತೈತೆ. ಮಳೆ ಇಲ್ಲ ಏನಿಲ್ಲ."

ಆಗ ನನಗೆ ತಿಳಿಯಿತು. ಡಾಕ್ಟರ ಮುಖ, ಆ ಕೋಣೆಯ ಕತ್ತಲು, 'ನಾಳೆ ಅನ್ನೋ ಹಾಗಿಲ್ಲ' ಎಂಬ ಮಾತು, ಎಲ್ಲ ಒಟ್ಟಿಗೆ ನೆನಪಾದವು. ಅದರ ಹಿಂದೆಯೇ ಹೋದ ವರ್ಷ ಬಾರದೇ ಹೋದ ಹುಡುಗನ ಕಡೆಯವರೂ ನೆನಪಾದರು. ಮದುವೆಗೆ ಇನ್ನೂ ಮೂರು ವಾರವಿತ್ತು. ನಾನು ಅವಳನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದೆ.

"ಇದ್ನ ಅವ್ವಂಗೆ, ಅಪ್ಪಂಗೆ ಹೇಳ್ಬ್ಯಾಡ. ನನ್ ಮದ್ವೆ ಮುಗೀಲಿ. ಮುಗುದ್ ಮೂರನೇ ದಿನಕ್ಕೆ ನಾನೇ ಮಂಗ್ಳೂರಿಗೆ ಕರ್ಕೊಂಡೋಗ್ತೀನಿ. ನನ್ ತಲೆ ಮುಟ್ಟಿ ಆಣೆ ಮಾಡು."

ನನ್ನ ತಲೆ ಮುಟ್ಟಲು ಅವಳು ತುದಿಗಾಲಲ್ಲಿ ನಿಲ್ಲಬೇಕಾಯಿತು. ನಾನು ಬಗ್ಗಲಿಲ್ಲ. ಇಷ್ಟು ವರ್ಷವಾದರೂ ನನ್ನನ್ನು ಹೆಚ್ಚು ಚುಚ್ಚುವುದು ಇದೇ.

ಅವಳು ಆಣೆ ಮುರಿಯಲಿಲ್ಲ. ಬಾಗಿಲ ಚೌಕಟ್ಟಿಗೆ ಎಡಭುಜ ತಾಗಿಸಿಕೊಂಡಳು, ಮೆಟ್ಟಿಲು ತಪ್ಪಿದಳು, ಎಡಗಡೆಗೆ ತಲೆ ತಿರುಗಿಸಿ ನೋಡುವುದನ್ನು ಕಲಿತಳು. ನಾನು ನೋಡುತ್ತಲೇ ಇದ್ದೆ. ದಿನ ಎಣಿಸುತ್ತಿದ್ದೆ.

ಮದುವೆಯ ಹಿಂದಿನ ವಾರ ಅವ್ವ ಅವಳಿಗೆ ತಲೆಗೆ ಎರೆಯುತ್ತಿದ್ದಳು. ಸೀಗೆಪುಡಿ ಬಲಗಣ್ಣಿಗೆ ಹೋಯಿತು. ಅವ್ವ ಆ ಕಣ್ಣನ್ನು ಅಂಗೈಯಿಂದ ಒತ್ತಿ ಹಿಡಿದು, ಕನ್ನಡಕ ಅವಳ ಕೈಗಿಟ್ಟು, "ಇನ್ನೊಂದ್ ಕಣ್ಣು ತಗುದು ನೋಡವ್ವ, ಚೊಂಬು ಎಲ್ಲೈತೆ ಕೊಡು" ಎಂದಳು.

"ಕತ್ಲೆ ಐತಲ್ಲವ್ವ."

"ಕಣ್ ತಗಿಯೇ ಮೂದೇವಿ."

"ತಗ್ದೇ ಇವ್ನಿ ಕಣವ್ವ" ಎಂದಳು ಸುಮ.

ಹೊರಗೆ ಬಟ್ಟೆ ಒಣಗಹಾಕುತ್ತಿದ್ದ ನನಗೆ ಆ ಮಾತು ಕೇಳಿಸಿತು. ಅವ್ವನ ಚೊಂಬು ಬಿದ್ದ ಸದ್ದೂ ಕೇಳಿಸಿತು.

ಮರುದಿನ ಮೊದಲ ಬಸ್ಸಿಗೆ ಬಾಳ್ಳುಪೇಟೆ, ಅಲ್ಲಿಂದ ಮಂಗಳೂರು ಬಸ್ಸು. ದೋಣಿಗಲ್ ದಾಟಿ ಘಾಟಿ ಇಳಿಯತೊಡಗಿದಾಗ ಸುಮ ನನ್ನ ತೊಡೆಯ ಮೇಲೆ ಮಲಗಿದ್ದಳು. ಅವ್ವ ಕಿಟಕಿಗೆ ತಲೆಯಿಟ್ಟು ವಾಂತಿ ಮಾಡುತ್ತಿದ್ದಳು. ಅಪ್ಪ ಮುಂದಿನ ಸೀಟಿನಿಂದ ಮತ್ತೆ ಮತ್ತೆ ತಿರುಗಿ ನೋಡುತ್ತಿದ್ದರು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಯಾರಿಗೂ ಅನುಮಾನವೇ ಇರಲಿಲ್ಲ.

ಕಣ್ಣಾಸ್ಪತ್ರೆಯಲ್ಲಿ ಕಾಯುವುದು ಬೇರೆ ಆಸ್ಪತ್ರೆಯಲ್ಲಿ ಕಾಯುವ ಹಾಗಲ್ಲ. ಪಾಪೆ ಅಗಲವಾಗಲು ಹನಿ ಬಿಟ್ಟು, ಕಣ್ಣು ಮುಚ್ಚಿ ಕೂರಿ ಎನ್ನುತ್ತಾರೆ. ಸಾಲಾಗಿ ಅಷ್ಟೂ ಜನ ಕಣ್ಣು ಮುಚ್ಚಿ ಕೂತಿರುತ್ತಾರೆ. ಕಣ್ಣು ತೆರೆದುಕೊಂಡು ಕೂತವರು ಜೊತೆಗೆ ಬಂದ ನಾವು ಮಾತ್ರ. ಎಲ್ಲಿ ನೋಡಬೇಕೋ ತಿಳಿಯುವುದಿಲ್ಲ. ನಾನು ನನ್ನ ಕೈಯ ಉಗುರು ನೋಡುತ್ತ ಕೂತಿದ್ದೆ. ಉಗುರಿನ ಸಂದಿನಲ್ಲಿ ಕಾಫಿ ಬೀಜದ ಬಿಳಿ ಹೊಟ್ಟು ಇನ್ನೂ ಇತ್ತು.

ಅದೇ ಡಾಕ್ಟರು. ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಬಹಳ ಹೊತ್ತು ಬೆಳಕು ಬಿಟ್ಟು ನೋಡಿ, "ಎಡಗಣ್ಣಿನ ಪರದೆ ಬಿಟ್ಟುಕೊಂಡಿದೆ. ಯಾವಾಗಿಂದ ಹೀಗೆ? ಚುಕ್ಕೆ, ಮಿಂಚು ಅಂತ ಏನಾದ್ರೂ ಹೇಳಿದ್ಲಾ?" ಎಂದು ಕೇಳಿದರು.

ಅಪ್ಪ, ಅವ್ವ ನನ್ನ ಕಡೆ ತಿರುಗಿದರು. ಅವಳ ಜೊತೆಯಲ್ಲೇ ಇರುವವಳು ನಾನಲ್ಲವೇ.

"ಮೊನ್ನೆಯಿಂದ" ಎಂದೆ.

ಡಾಕ್ಟರು ಸುಮನ ಗಲ್ಲ ಹಿಡಿದು ಕೇಳಿದರು. "ಹೌದಾ ಪುಟ್ಟಿ? ಮೊನ್ನೆಯಿಂದಾನಾ?"

ಸುಮ ನಾನಿದ್ದ ದಿಕ್ಕಿಗೆ ಮುಖ ತಿರುಗಿಸಿದಳು. ಹನಿ ಬಿಟ್ಟಿದ್ದರಿಂದ ಅವಳಿಗೆ ನಾನು ಸರಿಯಾಗಿ ಕಂಡಿರಲಿಕ್ಕಿಲ್ಲ. "ಹೂಂ. ಮೊನ್ನೆಯಿಂದ" ಎಂದಳು.

ಆಪರೇಷನ್ ಮುಗಿಸಿ ಬಂದ ಡಾಕ್ಟರು, ಪರದೆ ಮಡಿಕೆ ಮಡಿಕೆಯಾಗಿ ಗಟ್ಟಿಯಾಗಿದೆ, ಬಿಡಿಸಿ ಕೂರಿಸಿದ್ದೇವೆ, ಎಷ್ಟು ದೃಷ್ಟಿ ಬರುತ್ತದೋ ಹೇಳಲಾಗದು ಎಂದರು. "ಇದು ಮೊನ್ನೆಯದಲ್ಲ" ಎಂದೂ ಹೇಳಿದರು. ಹೇಳುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ.

ಅಪ್ಪ, ಅವ್ವ ವಾರ್ಡಿಗೆ ಹೋದ ಮೇಲೆ ನಾನು ಡಾಕ್ಟರ ಹಿಂದೆಯೇ ಹೋಗಿ ಎಲ್ಲ ಹೇಳಿದೆ. ಮೊರ, ಮಿಂಚು, ಕೊಟ್ಟಿಗೆಯ ಹಿಂದೆ ಮಾಡಿಸಿದ ಆಣೆ, ಎಲ್ಲ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ಅವಳಿಗೆ ಇನ್ನೊಂದು ಕಣ್ಣಿದೆ. ಅದರ ಪರದೆಯೂ ತೆಳ್ಳಗಾಗಿದೆ, ಲೇಸರ್ ಹಾಕ್ತೀವಿ. ಆ ಕಣ್ಣಿನ ವಿಷಯದಲ್ಲಿ ನನಗೆ ಯಾವತ್ತೂ ಸುಳ್ಳು ಹೇಳಬೇಡ" ಎಂದಷ್ಟೇ ಹೇಳಿ ಹೋದರು.

ಎಡಗಣ್ಣಿನೊಳಗೆ ಪರದೆ ಒತ್ತಿ ಹಿಡಿಯಲು ಒಂದು ಗ್ಯಾಸಿನ ಗುಳ್ಳೆ ಬಿಟ್ಟಿದ್ದರು. ಅದು ಮೇಲಕ್ಕೇರಿ ಪರದೆಗೆ ಒತ್ತಬೇಕಾದರೆ ಮುಖ ಸದಾ ನೆಲಕ್ಕಿರಬೇಕು. ಉಣ್ಣುವಾಗ, ಮಲಗುವಾಗ, ಯಾವಾಗಲೂ. ಹತ್ತು ವರ್ಷದ ಮಗು ಮಂಚದ ಅಂಚಿಗೆ ಹಣೆ ಕೊಟ್ಟು ಕವುಚಿ ಮಲಗಿತು. ಮೊದಲ ದಿನ ಸಂಜೆಯೇ "ನೆಲ ನೋಡಿ ನೋಡಿ ಸಾಕಾಯ್ತು ಕಣೆ. ಈ ನೆಲ್ದಾಗೆ ಒಂದು ಇರುವೆನೂ ಇಲ್ಲ" ಎಂದು ಅಳತೊಡಗಿದಳು. ಅಳುವಂತೆಯೂ ಇರಲಿಲ್ಲ. ನಾನು ಚಾಪೆ ಎಳೆದುಕೊಂಡು ಮಂಚದ ಪಕ್ಕ, ಅವಳ ಮುಖದ ಕೆಳಗೆ ಅಂಗಾತ ಮಲಗಿದೆ. ಅವಳಿಗೆ ನೆಲದ ಬದಲು ನನ್ನ ಮುಖ ಕಂಡಿತು.

ಪಕ್ಕದ ಮಂಚದಲ್ಲಿ ಪೊರೆ ತೆಗೆಸಿಕೊಂಡ ಮುದುಕಿ. ಅವರನ್ನು ನೋಡಿಕೊಳ್ಳುತ್ತಿದ್ದವಳು ಮಗಳು ವಾರಿಜಕ್ಕ, ಅಲ್ಲೇ ಮಂಗಳೂರಿನ ಹತ್ತಿರದವಳು, ಬೀಡಿ ಕಟ್ಟುವವಳು. ಅವಳು ನನ್ನನ್ನು ಕಂಡು, "ಎಂತ ಮಾರಾಯ್ತಿ, ಮಂಚದ ಬುಡದಲ್ಲಿ ಎಂತ ಹುಡುಕ್ತಾ ಇದ್ದಿ? ಎಂತ ಬಿದ್ದುಹೋಯ್ತು?" ಎಂದಳು.

"ನಮ್ಮಕ್ಕನೇ ಬಿದ್ದೋಗವ್ಳೆ" ಎಂದಳು ಸುಮ ಮೇಲಿನಿಂದ. ವಾರ್ಡೆಲ್ಲ ನಕ್ಕಿತು.

ಹಾಗೆ ಮಲಗಿದಾಗ ಒಂದು ಕಷ್ಟವಿತ್ತು. ಅವಳ ಮುಖ ನನ್ನ ಮುಖಕ್ಕೆ ನೇರ. ಪಕ್ಕಕ್ಕೆ ತಿರುಗಿಕೊಳ್ಳುವಂತಿಲ್ಲ. ಕಟ್ಟು ಹಾಕಿದ ಕಣ್ಣು ಒಂದು, ದಪ್ಪ ಗಾಜಿನ ಹಿಂದೆ ಚಿಕ್ಕದಾಗಿ ಕಾಣುವ ಕಣ್ಣು ಇನ್ನೊಂದು. ಹಾಡು, ಕತೆ, ಒಗಟು ಎಲ್ಲ ಮುಗಿದ ಮೇಲೆ ಒಂದು ಸಲ ಕೇಳಿದೆ. "ಡಾಕ್ಟರ ಹತ್ರ ಯಾಕೆ ಹಂಗೆ ಅಂದೆ, ಮೊನ್ನೆಯಿಂದ ಅಂತ?"

"ನೀನು ಅಂದ್ಯಲ್ಲ" ಎಂದಳು. ಅಷ್ಟೇ. ನನ್ನ ಮಾತಿನ ಮೇಲೆ ಅವಳಿಗೆ ಅಂಥ ನಂಬಿಕೆ.

ಕವುಚಿ ಮಲಗುವ ದಿನಗಳು ಮುಗಿದು ಮನೆಗೆ ಹೊರಡುವ ಮಾತು ಬಂದಾಗ ಡಾಕ್ಟರು ತಡೆದರು. ನಿಮ್ಮೂರು ಘಾಟಿಯ ಮೇಲಲ್ಲವೇ ಎಂದು ಕೇಳಿದರು. ಹೌದೆಂದೆವು.

"ಗುಳ್ಳೆ ಪೂರ್ತಿ ಕರಗುವವರೆಗೂ ಘಾಟಿ ಹತ್ತಬಾರದು. ಬಸ್ಸು ಮೇಲೆ ಹತ್ತುವಾಗ ನಿಮಗೆ ಕಿವಿ ಕಟ್ಟಿದ ಹಾಗಾಗ್ತದಲ್ಲ? ಅದೇ ಒತ್ತಡ ಕಣ್ಣೊಳಗೆ ಆದರೆ ಈ ಕಣ್ಣಿನ ಕತೆ ಮುಗೀತು."

ಅಪ್ಪನಿಗೆ ಇದು ಅರ್ಥವಾಗಲಿಲ್ಲ. ಕೆಳಗಿನ ಊರಿನವರಿಗೆ ಇಲ್ಲದ ಇದೆಂಥ ಕಟ್ಟಳೆ ಎಂದು ಅವರ ಗೊಂದಲ. "ನಿಧಾನಕ್ಕೆ ಹತ್ತಿದ್ರೆ ಆಗಲ್ವಾ ಡಾಕ್ಟ್ರೇ? ಲಾರೀಲಿ, ಮೆತ್ತಗೆ?"

ಡಾಕ್ಟರಿಗೆ ನಗು ಬಂತು. "ಮೆತ್ತಗೆ ಹೋದ್ರೂ ನಿಮ್ಮೂರು ಕೆಳಗಿಳಿದು ಬರೋದಿಲ್ವಲ್ಲ."

ಗುಳ್ಳೆ ಕರಗುವುದಕ್ಕಿಂತ ಮುಂಚೆಯೇ ಮದುವೆಯ ದಿನ ಬರುವುದಿತ್ತು. ಕಾರಿಡಾರಿನಲ್ಲಿ ಅಪ್ಪ ತಲೆ ಕೆರೆದುಕೊಂಡು ಯೋಚಿಸಿ ಹೇಳಿದರು. "ನೋಡವ್ವ ಜಯ, ಮುಹೂರ್ತ ಬುಟ್ರೆ ಈ ಸಂಬಂಧಾನೂ ಹೋಯ್ತದೆ. ಒಂದ್ ಸತಿ ಕಣ್ಣಿಗೆ ಒದ್ದೆ ಬಟ್ಟೆ ಕಟ್ಕಂಡು ಕರ್ಕೊಂಡೋಗ್ಬುಡಣ. ಹಂಗೂ ಆ ಕಣ್ಣು ಬರ್ತದೆ ಅಂತ ಇವ್ರೇನು ಬರ್ಕೊಟ್ಟಿಲ್ಲ."

ಅಪ್ಪ ಕಲ್ಲುಹೃದಯದವರಲ್ಲ. ಅವರ ಮುಂದೆ ಇಬ್ಬರು ಹೆಣ್ಣುಮಕ್ಕಳಿದ್ದರು, ಒಬ್ಬಳಿಗಾದರೂ ದಾರಿಯಾಗಲಿ ಎಂದು ಅವರ ಲೆಕ್ಕ. ಆ ಲೆಕ್ಕ ನನಗೆ ಚೆನ್ನಾಗಿ ಗೊತ್ತಿತ್ತು. ಕೊಟ್ಟಿಗೆಯ ಹಿಂದೆ ನಾನು ಹಾಕಿದ್ದೂ ಅದನ್ನೇ.

"ನಾ ಬರಕಿಲ್ಲ ಅಪ್ಪ. ಸುಮನ್ನೂ ಬುಡಕಿಲ್ಲ."

"ಹುಚ್ಚೇನೆ ನಿಂಗೆ? ನಿನ್ ಮದ್ವೆ ಕಣೆ."

"ಆ ಮದ್ವೆಗೋಸ್ಕರಾನೇ ಈ ಕಣ್ಣು ಹೋಗಿದ್ದು. ಮೂರು ವಾರದ ಹಿಂದೇನೇ ಹೇಳಿದ್ಲು ಅವ್ಳು. ಬಾಯಿ ಬುಡ್ಬ್ಯಾಡ ಅಂತ ಆಣೆ ಹಾಕ್ಸಿದೋಳು ನಾನು."

ಅಪ್ಪ ಗೋಡೆಗೆ ಒರಗಿ ನಿಂತರು. ಅವ್ವ ನನ್ನ ಹತ್ತಿರ ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ನನ್ನ ಮುಖವನ್ನು ಹೊಸಬರನ್ನು ನೋಡುವಂತೆ ನೋಡಿ ವಾರ್ಡಿನ ಒಳಗೆ ಹೋದಳು. ಆಮೇಲೆ ಬಹಳ ದಿನ ಅವ್ವ ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ನನ್ನ ತಟ್ಟೆಗೆ ಅನ್ನ ಹಾಕುತ್ತಿದ್ದಳು, ಸಾಕಾ ಎಂದು ಕೇಳುತ್ತಿರಲಿಲ್ಲ.

ಅಪ್ಪ ಒಬ್ಬರೇ ಘಾಟಿ ಹತ್ತಿದರು. ಉಳಿದ ನಮ್ಮ ಮೂವರಿಗೆ ವಾರಿಜಕ್ಕ ತನ್ನ ಮನೆಯ ಹಿಂದಿನ ಚಾವಡಿ ಬಿಟ್ಟುಕೊಟ್ಟಳು. "ಘಾಟಿಯ ಮೇಲಿನವರಿಗೆ ನಮ್ಮ ಸೆಕೆ ಗೊತ್ತಾಗ್ಲಿ" ಎಂದು ನಗುತ್ತಾ ಒಂದು ಬೀಸಣಿಗೆಯನ್ನೂ ಕೊಟ್ಟಳು. ಅವಳು ಬೀಡಿ ಕಟ್ಟುವಾಗ ಸುಮ ತಲೆ ಬಗ್ಗಿಸಿ ಅವಳ ಬೆರಳನ್ನೇ ನೋಡುತ್ತಿದ್ದಳು. ಯಾರ ಹತ್ತಿರವೂ ಕಾರಣ ಕೇಳದೆ ಜಾಗ ಕೊಡುವವರು ಇರುತ್ತಾರೆ ಎಂದು ಕಂಡದ್ದು ಅಲ್ಲಿ.

ಮುಹೂರ್ತದ ದಿನ ಬಂತು, ಹೋಯಿತು. ಮಾರನೆಯ ದಿನ ಮಧ್ಯಾಹ್ನ ಮಂಜುನಾಥ ಅವರು ವಾರಿಜಕ್ಕನ ಅಂಗಳದಲ್ಲಿ ಬಂದು ನಿಂತರು. ಅಂಗಿಯ ತೋಳಿಗೆ ಗ್ರೀಸ್ ಹತ್ತಿತ್ತು. ಮದುವೆ ಬೇಡ ಎನ್ನಲು ಬಂದಿದ್ದಾರೆ ಎಂದುಕೊಂಡೆ. ಅವರು ಸುಮನ ಎದುರು ಕುಕ್ಕರಗಾಲಲ್ಲಿ ಕೂತು, "ನಿನ್ ಕಣ್ಣಿಗೆ ಗಾಳಿ ತುಂಬವ್ರಂತೆ? ನನ್ನ ಹತ್ರ ಬಂದಿದ್ರೆ ನಾನೇ ತುಂಬ್ತಿದ್ನಲ್ಲ" ಎಂದರು.

"ನೀವು ಲಾರಿ ಟೈರಿಗೆ ತುಂಬೋರು ಭಾವ. ನನ್ ಕಣ್ಣು ಒಡ್ದೋಯ್ತಿತ್ತು" ಎಂದಳು ಅವಳು.

ಅವರಿಗೂ ನಾನು ಎಲ್ಲ ಹೇಳಿದೆ. ಅವರು ತೋಳಿನ ಗ್ರೀಸ್ ಉಜ್ಜುತ್ತ ಕೇಳಿದರು. "ನನ್ ಮದ್ವೆಗೆ ಅಂತ ನೀನು ಹಂಗ್ ಮಾಡ್ದೆ ಅಂದ್ರೆ, ಅದ್ರಾಗೆ ನಂದೂ ಒಂದ್ ಪಾಲು ಬಂತಲ್ಲ" ಎಂದರು. ಮದುವೆ ಮುಂದಿನ ಶ್ರಾವಣದಲ್ಲಿ ಆಯಿತು. ಆ ಕಾಫಿ ಬೀಜವನ್ನು ಅವ್ವ ಮತ್ತೆ ಮೊದಲಿನಿಂದ ತಾನೊಬ್ಬಳೇ ಆರಿಸಿದ್ದಳು.

ಎಡಗಣ್ಣಿಗೆ ದೃಷ್ಟಿ ಬರಲಿಲ್ಲ. ಬೆಳಕು, ಕತ್ತಲು ತಿಳಿಯುತ್ತದೆ, ಎದುರಿಗೆ ಕೈ ಆಡಿಸಿದರೆ ತಿಳಿಯುತ್ತದೆ, ಅಷ್ಟೇ. ಬೇಗ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಒಂದು ಸಲ ಡಾಕ್ಟರನ್ನು ಕೇಳಿದೆ. ಉಳಿಯಬಹುದಿತ್ತು ಎಂದರು. ಖಂಡಿತ ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಆ 'ಬಹುದಿತ್ತು' ನನ್ನ ಜೊತೆ ಬಾಳ್ಳುಪೇಟೆಗೂ ಬಂತು.

ಸುಮ ಈಗ ದೊಡ್ಡವಳಾಗಿದ್ದಾಳೆ. ಕಾಲೇಜಿಗೆ ಹೋಗುತ್ತಾಳೆ, ಎರಡನೇ ಪಿಯುಸಿ. ಇವತ್ತಿಗೂ ಚಳಿಗೆ ಎದೆ ಸುಯ್‌ಗುಟ್ಟುತ್ತದೆ. ಎತ್ತರ ನನ್ನ ಭುಜದವರೆಗೆ. ಬಸ್ಸಿನಲ್ಲಿ ಎಡಗಡೆ ಯಾರಾದರೂ ಕೂತರೆ ಅವರಿದ್ದಾರೆ ಎಂದು ಅವಳಿಗೆ ತಿಳಿಯುವುದಿಲ್ಲ. ಅದಕ್ಕೆ ಅವಳ ಎಡಗಡೆ ಕೂರುವವಳು ನಾನೇ. ವರ್ಷಕ್ಕೊಮ್ಮೆ, ಕುಯ್ಲಿಗೆ ಮುಂಚೆ, ಇಬ್ಬರೂ ಘಾಟಿ ಇಳಿಯುತ್ತೇವೆ. ಏನೂ ತೊಂದರೆ ಇಲ್ಲದಿದ್ದರೂ ಇಳಿಯುತ್ತೇವೆ.

ಮನೆಗೆ ಮೊಬೈಲು ಬಂದಾಗಿನಿಂದ ನಾನು ದಿನಾ ಬೆಳಿಗ್ಗೆ ಅವಳಿಗೆ ಫೋನ್ ಮಾಡುತ್ತೇನೆ. ಬಲಗಣ್ಣಿನ ಬಗ್ಗೆ ಒಂದೇ ಪ್ರಶ್ನೆ.

"ಕರಿಬೀಜ ಓಡ್ತಾವೇನೆ?"

"ಇಲ್ಲ ಕಣೆ. ಎಲ್ಲ ಮೊರದಾಗೇ ಅವೆ. ಇಡು ಫೋನು, ಬಸ್ಸಿಗೆ ಹೊತ್ತಾಯ್ತು."

ಕೆಲವು ಸಲ ರೇಗುತ್ತಾಳೆ. ನೀನು ಕೇಳುವುದು ನನ್ನ ಕಣ್ಣಿಗೋ ನಿನ್ನ ಸಮಾಧಾನಕ್ಕೋ ಎಂದು ಒಂದು ಸಲ ಕೇಳಿಯೂಬಿಟ್ಟಳು. ಎರಡಕ್ಕೂ ಎಂದೆ. ಒಂದು ಮಧ್ಯಾಹ್ನ ಅವಳ ಎದುರು ಕೂತು, ಆವತ್ತು ಕೊಟ್ಟಿಗೆಯ ಹಿಂದೆ ನಾನು ಬಗ್ಗಲಿಲ್ಲ, ನೀನು ತುದಿಗಾಲಲ್ಲಿ ನಿಂತೆ ಎಂದು ಹೇಳಿ ಅತ್ತೆ. ಅವಳಿಗೆ ಅದು ನೆನಪೇ ಇರಲಿಲ್ಲ. "ನಾನು ಗಿಡ್ಡಿ ಅಂತ ಹೇಳಕ್ಕೆ ಇಷ್ಟು ಅಳ್ಬೇಕಾ?" ಎಂದಳು. ಆಮೇಲೆ ತಡೆದು, "ಕಣ್ಣು ಹೋಗಿದ್ದು ಹೋಯ್ತು ಅಕ್ಕ. ಬೇಜಾರಿಲ್ಲ ಅಂತ ಸುಳ್ಳು ಹೇಳಕಿಲ್ಲ" ಎಂದಳು. ಕ್ಷಮಿಸಿದೆ ಎಂಬ ಮಾತಿಗಿಂತ ನನಗೆ ಇದೇ ಸರಿಯಾಗಿತ್ತು.

ಹೋದ ಕುಯ್ಲಿನ ಸಮಯ. ಇನ್ನೂ ನಾನು ಒಲೆ ಹಚ್ಚಿರಲಿಲ್ಲ, ಫೋನು ಹೊಡೆದುಕೊಂಡಿತು. ಯಾವಾಗಲೂ ನಾನು ಮಾಡುವ ಫೋನು, ಅವತ್ತು ಅವಳೇ ಮಾಡಿದ್ದಳು.

"ಅಕ್ಕಾ, ಒಂದು ಓಡ್ತು ಕಣೆ. ಬಲಗಣ್ಣಾಗೆ."

ಅವತ್ತು ನನ್ನ ಮೈದುನನ ನಿಶ್ಚಿತಾರ್ಥ. ಮನೆ ತುಂಬ ನೆಂಟರು, ಹಿರಿ ಸೊಸೆ ನಾನು. ಒಲೆ ಹಾಗೆಯೇ ಬಿಟ್ಟು ಹೆದ್ದಾರಿಗೆ ಬಂದು ನಿಂತೆ. ಪಾಳ್ಯದ ಕಡೆಯಿಂದ ಅವಳ ಬಸ್ಸು ಬಂತು. ಇಳಿದು ಬಂದವಳ ಎಡಗಡೆಗೆ ಹೋಗಿ ಕೈ ಹಿಡಿದುಕೊಂಡೆ. ಮಂಗಳೂರಿನವರೆಗೂ ಆ ಕೈ ಬಿಡಲಿಲ್ಲ. ಪರದೆಯ ಅಂಚಿನಲ್ಲಿ ಸಣ್ಣದೊಂದು ಹರಿದ ಗುರುತಿತ್ತು. ಅವತ್ತೇ ಸುತ್ತ ಲೇಸರ್ ಹಾಕಿದರು. ಪರದೆ ಬಿಟ್ಟುಕೊಂಡಿರಲಿಲ್ಲ. ಗುಳ್ಳೆ ಬೇಕಾಗಲಿಲ್ಲ, ಸಂಜೆಯೇ ಘಾಟಿ ಹತ್ತಬಹುದು ಎಂದರು.

"ಯಾವಾಗಿಂದ?" ಎಂದು ಲೇಸರಿಗೆ ಮುಂಚೆ ಡಾಕ್ಟರು ಕೇಳಿದಾಗ ಉತ್ತರವನ್ನು ನಾನು ಸುಮನಿಗೇ ಬಿಟ್ಟೆ.

"ಬೆಳಗ್ಗೆ ಎದ್ದಾಗಿಂದ ಡಾಕ್ಟ್ರೇ" ಎಂದಳು ಸುಮ. "ಎದ್ದ ತಕ್ಷಣ ನಮ್ಮಕ್ಕಂಗೆ ಹೇಳ್ದೆ."